ಮಗಳ ಪಕ್ಕದ ಬೆಂಚು

ಓದು, ಲೆಕ್ಕದಲ್ಲಿ ಮುಂದಿರುವ ಮಕ್ಕಳಿಗೆಂದು ರಾಮನಗರದಲ್ಲಿ ಪ್ರತಿ ಶನಿವಾರ ನಡೆಯುವ ತರಗತಿಗೆ ಮೂರನೇ ಕ್ಲಾಸಿನ ನನ್ನ ಮಗಳು ಆಯ್ಕೆಯಾದಾಗ, ಕೈಲಾಂಚದ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಅವಳು ಪುಸ್ತಕ ಮುಟ್ಟುವುದನ್ನೇ ಬಿಟ್ಟಳು. ಊರಿನ ಶಾಲೆಯಲ್ಲಿ ಮೊದಲು ಕೈಯೆತ್ತುತ್ತಿದ್ದವಳು ಅಲ್ಲಿ ಬಾಯಿಯೇ ತೆರೆಯುತ್ತಿರಲಿಲ್ಲ. ಶುಕ್ರವಾರ ಬಂತೆಂದರೆ ಊಟ ಸೇರುತ್ತಿರಲಿಲ್ಲ.

ಒಂದು ಶನಿವಾರ ತರಗತಿಯ ಬಾಗಿಲಲ್ಲೇ ನನ್ನ ಸೆರಗು ಹಿಡಿದು ಅತ್ತಳು. "ಅವ್ರಿಗೆಲ್ಲಾ ಬತ್ತದೆ, ನಂಗೇನೂ ಬರಾಕಿಲ್ಲ ಕಣವ್ವ. ಮನೆಗೋಗಾನ."

ಒಳ್ಳೆಯದಾಗಲೆಂದು ಕರೆತಂದು, ಇದ್ದ ಓದನ್ನೂ ಕೊಂದೆನೇನೋ ಅನ್ನಿಸಿತು. ಟೀಚರ್ ಎದುರು ಕೈಮುಗಿದೆ. "ಏನ್ ಮಾಡ್ಲಿ ಮಿಸ್, ಬುಡಿಸ್ಬುಡ್ಲಾ?"

"ಇವತ್ತೊಂದಿನ ನೀವೂ ಒಳಗೆ ಕೂತ್ಕೊಳ್ಳಿ," ಎಂದರು ಅವರು.

ಚಿಕ್ಕ ಬೆಂಚಿನಲ್ಲಿ ಮಗಳ ಪಕ್ಕ ಮುದುರಿ ಕೂತೆ. ಬೋರ್ಡಿನ ಲೆಕ್ಕದ ತಲೆಬುಡ ತಿಳಿಯಲಿಲ್ಲ. ಅವಳು ಕೊನೆಯವರೆಗೂ ತಲೆಯೆತ್ತಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು, "ಅವ್ವ, ಆ ಲೆಕ್ಕ ನಿಂಗ್ ಬಂತಾ?"

"ಇಲ್ಲ ಕಣವ್ವ, ಒಸೀನೂ ಬರ್ನಿಲ್ಲ."

ನನ್ನ ಮುಖವನ್ನೇ ನೋಡಿದಳು. "ಬರೋ ವಾರಾನೂ ಒಳೀಕ್ ಬತ್ತೀಯಾ?"

ಬರುತ್ತೇನೆಂದೆ. ಬಂದು ಏನು ಮಾಡುವುದೋ ನನಗೂ ತಿಳಿದಿರಲಿಲ್ಲ.