ಫಿನಾಯಿಲಣ್ಣನ ನೆಲ

ಬಸ್ ನಿಲ್ದಾಣದ ಶೌಚಾಲಯ ನೋಡಿಕೊಳ್ಳುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಪುರಸಭೆಯ ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎದುರಿನ ತರಕಾರಿಯವಳಿಂದ ಹಿಡಿದು ಬಸ್ ಕಂಡಕ್ಟರುಗಳವರೆಗೆ ಎಲ್ಲರಿಗೂ ಅವನು ಫಿನಾಯಿಲಣ್ಣ. ಅವನು ಬರುವುದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಣ್ಣಿಗೆ.

ಇದಕ್ಕೂ ಮುಂಚೆ ಇಪ್ಪತ್ತು ವರ್ಷ ಅವನು ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿದ್ದ. ಅಲ್ಲಿಗೆ ಯಂತ್ರ ಬಂತು, ಅವನು ಇಲ್ಲಿಗೆ ಬಂದ. ಬಿಳಿ ಎಂದರೆ ಏನೆಂದು ಅವನಿಗೆ ಆಸ್ಪತ್ರೆಯ ಚಾದರಗಳು ಕಲಿಸಿದ್ದವು. ಬಂದ ಹೊಸದರಲ್ಲಿ ಶೌಚಾಲಯದ ಗೋಡೆಯ ಟೈಲ್ಸ್ ಕಂದು ಬಣ್ಣದ್ದೆಂದೇ ಅವನು ತಿಳಿದಿದ್ದ. ನಾಲ್ಕು ದಿನ ಉಜ್ಜಿದ ಮೇಲೆ ಬಿಳಿಯದೆಂದು ಗೊತ್ತಾಯಿತು. ಅವತ್ತು ಆದಷ್ಟು ಖುಷಿ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ ಎಂದು ಹೆಂಡತಿ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದಳು. "ಮನೆ ಬಚ್ಚಲಿಗೆ ಒಂದಿನ ಬ್ರಶ್ ಹಾಕಿದ ಪುಣ್ಯಾತ್ಮ ಅಲ್ಲ. ಊರಿನ ಕಕ್ಕಸ್ಸು ಮಾತ್ರ ಕನ್ನಡಿ ಥರ ಇರ್ಬೇಕು ಇವ್ರಿಗೆ," ಎನ್ನುವಳು. ಅವಳು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಗೋಡೆ, ನೆಲ ಹೇಳಿದ ಮಾತು ಕೇಳುತ್ತವೆ. ಜನ ಕೇಳಬೇಕಲ್ಲ. ನೀರು ಹಾಕದೆ ಹೊರಟವರನ್ನು ಅವನು ಬಸ್ಸಿನ ಬಾಗಿಲ ತನಕ ಹೋಗಿ ವಾಪಸ್ಸು ಕರೆತರುತ್ತಿದ್ದ. "ಸ್ವಾಮಿ, ಏನೋ ಮರೆತು ಬಂದಿದ್ದೀರಿ," ಎಂದು ಮರ್ಯಾದೆಯಾಗಿಯೇ ಹೇಳುತ್ತಿದ್ದ. ಪಾಪ, ಅವರು ಜೇಬು ಮುಟ್ಟಿನೋಡಿಕೊಂಡು ಓಡಿ ಬಂದರೆ ಕೈಗೆ ತಂಬಿಗೆ ಕೊಡುತ್ತಿದ್ದ. ಒಮ್ಮೆ ಹಾಗೆ ಬಂದವರು ಮತ್ತೆ ಮರೆತದ್ದಿಲ್ಲ.

ನಿಲ್ದಾಣದ ಹಿಂದೆ ಒಂದು ಗೋಡೆ. ಅಲ್ಲಿ ನಿಲ್ಲುವುದು ಹುಟ್ಟಿನಿಂದ ಬಂದ ಹಕ್ಕು ಎಂಬಂತೆ ಗಂಡಸರು ಸಾಲಾಗಿ ನಿಲ್ಲುತ್ತಿದ್ದರು. ಇಲ್ಲಿ ಮೂತ್ರ ಮಾಡಬಾರದು ಎಂದು ಪುರಸಭೆ ದಪ್ಪ ಅಕ್ಷರದಲ್ಲಿ ಬರೆಸಿತ್ತು. ಜನ ಅದನ್ನು ಓದುತ್ತಲೇ ಕೆಲಸ ಮುಗಿಸುತ್ತಿದ್ದರು. ಫಿನಾಯಿಲಣ್ಣ ಬಿಡುವಾದಾಗಲೆಲ್ಲ ಅಲ್ಲಿ ಕುರ್ಚಿ ಹಾಕಿಕೊಂಡು ಕೂತ. ಯಾರನ್ನೂ ಬೈಯಲಿಲ್ಲ. ಯಾರಾದರೂ ಬಂದು ನಿಂತರೆ ಕೆಮ್ಮುತ್ತಿದ್ದ, ಅಷ್ಟೇ. ಬೆನ್ನ ಹಿಂದೆ ಒಬ್ಬ ಕೆಮ್ಮುತ್ತ ಕೂತಿದ್ದರೆ ಎಂಥ ಗಂಡಸಿಗೂ ಆಗದ ಕೆಲಸ ಅದು. ಒಂದು ವರ್ಷ ಕೆಮ್ಮಿದ, ಗೋಡೆ ಒಣಗಿತು. ಅದರ ನೆರಳಿನಲ್ಲಿ ಜನ ಬಸ್ಸಿಗೆ ಕಾಯುವಂತಾಯಿತು.

ಇಷ್ಟೆಲ್ಲ ಇದ್ದರೂ ಅವನಿಗೊಂದು ಕೊರಗಿತ್ತು. ಮದುವೆಯ ಮಾತುಕತೆ ನಡೆಯುವಾಗ ಮಗಳು ಗಂಡಿನ ಮನೆಯವರಿಗೆ, "ಅಪ್ಪ ಪುರಸಭೆ ಆಫೀಸಲ್ಲಿದ್ದಾರೆ," ಎಂದುಬಿಟ್ಟಿದ್ದಳು. ಸಂಬಳ ಕೊಡುವುದು ಪುರಸಭೆಯೇ ಅಲ್ಲವೆ, ಪೂರ್ತಿ ಸುಳ್ಳೇನಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವಾಗಲಿಲ್ಲ. ಎತ್ತಿ ಆಡಿಸಿದ ಮಗಳು ತನ್ನ ಕೆಲಸಕ್ಕೆ ನಾಚುತ್ತಾಳಲ್ಲ ಎಂದು ಅವನಿಗೆ ತುಂಬ ನೋವಾಗಿತ್ತು. ಹೆಂಡತಿಯ ಹತ್ತಿರವೂ ಅದನ್ನು ಬಾಯಿಬಿಟ್ಟಿರಲಿಲ್ಲ.

ಹೀಗಿರುವಾಗ ಪಟ್ಟಣಗಳ ನಡುವೆ ಸ್ವಚ್ಛತೆಯ ಸ್ಪರ್ಧೆ ಬಂತು. ಪುರಸಭೆಯ ಆರೋಗ್ಯ ನಿರೀಕ್ಷಕರು ಬಂದು, "ಬುಧವಾರ ಹನ್ನೊಂದಕ್ಕೆ ಪರೀಕ್ಷಕರು ಬರ್ತಾರೆ. ನಿನ್ನ ಶೌಚಾಲಯ ಗೆದ್ದರೆ ವೇದಿಕೆ ಮೇಲೆ ಸನ್ಮಾನ, ಪೇಪರಲ್ಲಿ ಫೋಟೋ," ಎಂದರು. ಫಿನಾಯಿಲಣ್ಣನಿಗೆ ಸನ್ಮಾನ ಬೇಕಿರಲಿಲ್ಲ, ಫೋಟೋ ಬೇಕಿತ್ತು. ಪೇಪರಲ್ಲಿ ಬಂದ ಮೇಲೆ ಅಪ್ಪನ ಕೆಲಸ ಇಂಥದ್ದು ಎಂದು ಹೇಳಲು ಮಗಳಿಗೆ ಬಾಯಿ ಬರುತ್ತದೆ ಎಂದುಕೊಂಡ.

ಬುಧವಾರ ಬೆಳಿಗ್ಗೆ ಐದಕ್ಕೇ ಬಂದು ತೊಳೆದ. ಒಂಬತ್ತರ ಹೊತ್ತಿಗೆ ನೆಲ ಒಣಗಿ ಫಳಫಳ ಎನ್ನುತ್ತಿತ್ತು. ಅದನ್ನು ನೋಡುತ್ತ ನಿಂತವನಿಗೆ ಯಾರನ್ನೂ ಒಳಗೆ ಬಿಡಲು ಮನಸ್ಸೇ ಬರಲಿಲ್ಲ. ಒಂದು ರಟ್ಟಿನ ಮೇಲೆ 'ದುರಸ್ತಿಯಲ್ಲಿದೆ' ಎಂದು ಬರೆದು ಹೊರಗೆ ತೂಗುಹಾಕಿದ. ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ತರಕಾರಿಯವಳು ಬಂದು ಬಾಗಿಲು ಬಡಿದಳು.

"ದುರಸ್ತಿ ಅಕ್ಕಾ," ಎಂದ ಒಳಗಿನಿಂದ.

"ನಿನ್ನೆ ಸಂಜೆ ಸರಿ ಇತ್ತಲ್ಲ, ಅಷ್ಟರಲ್ಲಿ ಏನು ಕೆಟ್ಟೋಯ್ತು?"

"ಹನ್ನೊಂದೂವರೆ ತನಕ ತಡ್ಕೋ."

"ಇದೇನು ಬಸ್ಸಾ, ಇದು ಹೋದ್ರೆ ಮುಂದಿನದು ಅನ್ನೋಕೆ?" ಎಂದು ಗೊಣಗಿಕೊಂಡು ಅವಳು ಹಿಂದಿನ ಗೋಡೆಯ ಮರೆಗೆ ಹೋದಳು. ಅವಳ ಹಿಂದೆ ಇನ್ನಿಬ್ಬರು ಹೋದರು. ಕಿಟಕಿಯ ಜಾಲರಿಯಿಂದ ಫಿನಾಯಿಲಣ್ಣ ಎಲ್ಲ ನೋಡಿದ. ಅಭ್ಯಾಸಬಲದಿಂದ ಕೆಮ್ಮು ಗಂಟಲಿಗೆ ಬಂತು. ಯಾವ ಮುಖ ಇಟ್ಟುಕೊಂಡು ಕೆಮ್ಮುವುದು? ಇದೊಂದು ದಿನ ಎಂದು ಹಲ್ಲು ಕಚ್ಚಿಕೊಂಡ.

ಹತ್ತೂವರೆಯ ಬಸ್ಸಿನಿಂದ ಇಳಿದವರನ್ನು ನೋಡಿ ಅವನು ಜಾಲರಿಗೆ ಮುಖ ಒತ್ತಿದ. ಮಗಳು, ಜೊತೆಗೆ ಅವಳ ಅತ್ತೆ. ಬೀಗಿತ್ತಿಗೆ ಸಕ್ಕರೆ ಕಾಯಿಲೆ, ಇಲ್ಲಿಯ ಡಾಕ್ಟರಿಗೆ ತೋರಿಸಲು ಬಂದಿರಬೇಕು. ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದ ಮುದುಕಿ ನೇರ ಶೌಚಾಲಯದ ಕಡೆಗೇ ಬಿರಬಿರ ನಡೆದು ಬಂದರು. ರಟ್ಟು ನೋಡಿ, "ಅಯ್ಯೋ ದೇವರೇ," ಎಂದು ಅಲ್ಲೇ ನಿಂತರು. ಮಗಳು ಮಾತ್ರ ಹೆದರಿದ ಕಣ್ಣಿನಿಂದ ಆಚೆ ಈಚೆ ನೋಡುತ್ತಿದ್ದಳು. ಅವಳು ಯಾರನ್ನು ಹುಡುಕುತ್ತಿದ್ದಾಳೆ, ಯಾರು ಕಣ್ಣಿಗೆ ಬೀಳದಿರಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ ಎಂಬುದು ಅವನಿಗೆ ಚೆನ್ನಾಗಿ ಅರ್ಥವಾಯಿತು.

ಸುಮ್ಮನೆ ನಿಂತಿದ್ದರೆ ಸಾಕಿತ್ತು. ನೆಲವೂ ಉಳಿಯುತ್ತಿತ್ತು, ಮಗಳ ಮಾತೂ ಉಳಿಯುತ್ತಿತ್ತು.

"ಆ ಗೋಡೆ ಹಿಂದೆ ಯಾರೋ ಹೋಗಿ ಬಂದ್ರು ನೋಡು," ಎಂದರು ಬೀಗಿತ್ತಿ. "ನನ್ನ ಕೈಲಿ ಇನ್ನು ಆಗಲ್ಲ ಕಣೇ. ನಾನೂ ಅಲ್ಲೇ ಹೋಗ್ತೀನಿ, ನೀನು ಅಡ್ಡ ನಿಂತ್ಕೋ."

ಆ ವಯಸ್ಸಿನ ಹೆಂಗಸು, ತಾನು ಒಂದು ವರ್ಷ ಕಾದ ಗೋಡೆಯ ಹಿಂದೆ. ಫಿನಾಯಿಲಣ್ಣ ಚಿಲಕ ತೆಗೆದ. ಮೊಣಕಾಲ ತನಕ ಮಡಚಿದ ಪ್ಯಾಂಟು, ಕೈಯಲ್ಲಿ ಬ್ರಶ್ಶು, ಹೇಗಿದ್ದನೋ ಹಾಗೇ ಹೊರಗೆ ಬಂದ.

"ಬೀಗಿತ್ತಿಯವರೇ, ಅಲ್ಲಿ ಬೇಡ, ಇಲ್ಲಿ ಬನ್ನಿ. ಎಡಗಡೆ ಹೆಂಗಸರದು. ನೀರಿದೆ."

ಆಶ್ಚರ್ಯಪಡಲು ಅವರಿಗೆ ಪುರುಸೊತ್ತಿರಲಿಲ್ಲ, ಅವನನ್ನು ದಾಟಿಕೊಂಡು ಒಳಗೆ ಹೋದರು. ಮಗಳು ತಲೆ ತಗ್ಗಿಸಿ ನಿಂತಳು. ಅವನು ರಟ್ಟು ಬಿಚ್ಚಿ ಕೆಳಗಿಟ್ಟ. ಬಾಗಿಲು ತೆರೆದದ್ದೇ ತಡ, ಬೆಳಿಗ್ಗೆಯಿಂದ ತಡೆದುಕೊಂಡಿದ್ದವರೆಲ್ಲ ನುಗ್ಗಿದರು. ಕಾಲು ಗಂಟೆಯಲ್ಲಿ ನೆಲದ ತುಂಬ ನೀರು, ಕೆಸರಿನ ಹೆಜ್ಜೆ.

ಬೀಗಿತ್ತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಈಗ ಆಶ್ಚರ್ಯಪಡಲು ಅವರಿಗೆ ಬಿಡುವಾಗಿತ್ತು.

"ನೀವು ಆಫೀಸಲ್ಲಿದ್ದೀರಿ ಅಂದಿದ್ಲು ಇವಳು."

"ಇದೇ ನನ್ನ ಆಫೀಸು," ಎಂದ ಫಿನಾಯಿಲಣ್ಣ.

ಅವರು ಒಮ್ಮೆ ಸೊಸೆಯನ್ನು ನೋಡಿದರು, ಒಮ್ಮೆ ಗೋಡೆಯನ್ನು. "ನಮ್ಮನೇದು ಇಷ್ಟು ಬೆಳ್ಳಗಿಲ್ಲ," ಎಂದರು. ಹೊಗಳಿದ್ದೋ, ಸೊಸೆಗೆ ಚುಚ್ಚಿದ್ದೋ ಗೊತ್ತಾಗಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಪರೀಕ್ಷಕರು ಬಂದರು. ಆರೋಗ್ಯ ನಿರೀಕ್ಷಕರ ಮುಖ ನೆಲ ಕಂಡೊಡನೆ ಇಂಗು ತಿಂದ ಮಂಗನಂತಾಯಿತು. ಪರೀಕ್ಷಕರಲ್ಲಿ ಹಿರಿಯರು ಪ್ಯಾಂಟು ತುಸು ಮೇಲೆತ್ತಿಕೊಂಡು ಒಳಗೆ ಇಣುಕಿದರು.

"ನೆಲ ಒದ್ದೆ, ಕೆಸರು. ಇಲ್ಲಿ ನೋಡ್ಕೊಳ್ಳೋರು ಯಾರು?"

ಫಿನಾಯಿಲಣ್ಣ ಬ್ರಶ್ಶನ್ನು ಬೆನ್ನ ಹಿಂದೆ ಇಟ್ಟುಕೊಂಡ. ಆರೋಗ್ಯ ನಿರೀಕ್ಷಕರು ಬಸ್ಸಿನ ಬೋರ್ಡು ಓದತೊಡಗಿದರು.

"ನಮ್ಮಪ್ಪ," ಎಂದಳು ಮಗಳು.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ನಿಲ್ಲಿಸಲಿಲ್ಲ. "ಇವರು ನಮ್ಮಪ್ಪ. ಬೆಳಿಗ್ಗೆ ತೊಳೆದು ಒಣಗಿಸಿಯೇ ಇಟ್ಟಿರ್ತಾರೆ. ನಮ್ಮತ್ತೆಗೆ ಅವಸರ ಆಗಿತ್ತು, ಬಾಗಿಲು ತೆಗೆದ್ರು. ಜನ ಬಂದ ಮೇಲೆ ನೆಲ ಒದ್ದೆಯಾಗದೆ ಇರುತ್ತಾ ಸಾರ್? ಐದು ನಿಮಿಷ ನಿಂತ್ಕೊಳ್ಳಿ, ಒರೆಸ್ತಾರೆ, ಆಮೇಲೆ ನೋಡಿ."

ಅವರಿಗೆ ಐದು ನಿಮಿಷ ಇರಲಿಲ್ಲ. ಏನೋ ಬರೆದುಕೊಂಡು ಮಾರುಕಟ್ಟೆಯ ಕಡೆ ಹೊರಟರು. ಏನು ಬರೆದುಕೊಂಡರೆಂದು ಫಿನಾಯಿಲಣ್ಣ ನೋಡಲೂ ಇಲ್ಲ. ಒರೆಸುವ ಕೋಲು ತಂದು ನೆಲಕ್ಕೆ ಹಚ್ಚಿದ. ಖುಷಿಗೆ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಒಂದೇ ಜಾಗವನ್ನು ಮೂರು ಸಲ ಒರೆಸಿದ.

"ಅಲ್ಲಿ ಆಯ್ತು ಅಪ್ಪಾ," ಎಂದಳು ಮಗಳು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. "ಈ ಕಡೆ ಒರೆಸು."