ತಮ್ಮನ ಗಿಟಾರಿಗೆ ನಾನು ಹಾಕಿದ ಬೆಸುಗೆ

ತಪ್ಪು ನನ್ನ ಬೆಸುಗೆಯದು ಎಂದು ನಾನು ತಮ್ಮನಿಗೆ ಹೇಳಲಿಲ್ಲ. ತನ್ನ ಕೈಯೇ ಕೆಟ್ಟದ್ದು ಎಂದುಕೊಂಡು ಮಾಂತೇಶ ಗಿಟಾರ್ ಬಿಟ್ಟ. ನನಗೆ ಆ ದಿನವೇ ನಿಜ ಗೊತ್ತಿತ್ತು — ಗೊತ್ತಿದ್ದೂ ವರ್ಷಗಟ್ಟಲೆ ಅವನ ಮನೆಯಲ್ಲಿ ಉಂಡು ಬಂದೆ.

ಇಳಕಲ್ಲಿನಲ್ಲಿ ಅಪ್ಪನದು ರೇಡಿಯೋ ರಿಪೇರಿ ಅಂಗಡಿ. ಟ್ರಾನ್ಸಿಸ್ಟರು ಮನೆಮನೆಗೆ ಬರುತ್ತಿದ್ದ ಕಾಲ ಅದು. ಐದನೆಯ ಇಯತ್ತೆಗೆ ಶಾಲೆ ಬಿಡಿಸಿದ ಮೇಲೆ ನಾನು ಅಪ್ಪನ ಪಕ್ಕ ಕುಳಿತು ಬೆಸುಗೆ ಕಲಿತೆ. ಹುಡುಗಿ ರೇಡಿಯೋ ಬಿಚ್ಚುವುದು ಗಿರಾಕಿಗಳಿಗೆ ಸೇರುತ್ತಿರಲಿಲ್ಲ. ಮಂದಿಯ ಮುಂದೆ ಒಂದು ತಪ್ಪು ಸಿಕ್ಕರೂ ಒಲೆಯ ಮುಂದೆ ಕೂಡಿಸುತ್ತೇನೆ ಎಂದು ಅಪ್ಪ ಹೇಳಿಟ್ಟಿದ್ದರು.

ತಮ್ಮ ಮಾಂತೇಶ ಮಗ್ಗಕ್ಕೆ ಹೋಗುತ್ತಿದ್ದ. ಮುಂಬಯಿಗೆ ಸೀರೆ ಒಯ್ಯುವ ವ್ಯಾಪಾರಿಯೊಬ್ಬರು ಅವನಿಗೊಂದು ಹಳೆಯ ಕರೆಂಟ್ ಗಿಟಾರ್ ತಂದುಕೊಟ್ಟಿದ್ದರು. ಅದನ್ನು ಅಂಗಡಿಯ ರೇಡಿಯೋಕ್ಕೆ ಜೋಡಿಸಿಕೊಂಡು ನುಡಿಸುತ್ತಿದ್ದ. ತಂತಿಗಳು ಕಿವಿ ಚುಚ್ಚುತ್ತವೆ, ದನಿ ಸ್ವಲ್ಪ ಮೆತ್ತಗೆ ಮಾಡಿಕೊಡು ಎಂದು ನನ್ನನ್ನು ಕೇಳಿದ. ರೇಡಿಯೋ ತರುವವರೂ ಇದನ್ನೇ ಕೇಳುತ್ತಿದ್ದರು. ಚೂಪು ದನಿಯನ್ನು ಹೀರುವುದು ಕಂಡೆನ್ಸರ್ ಎಂಬ ಸಣ್ಣ ಬಿಡಿಭಾಗ. ಎಷ್ಟು ಹೀರಬೇಕೆಂದು ಹೇಳುವುದು ಟೋನಿನ ಗುಂಡಿ. ನಮ್ಮೂರಿನ ಗಿರಾಕಿ ಯಾರೂ ಆ ಗುಂಡಿಯನ್ನು ಚೂಪಿನ ಕಡೆ ತಿರುಗಿಸಿದ್ದನ್ನು ನಾನು ಕಂಡಿರಲಿಲ್ಲ. ಹಾಗಾಗಿ ದೊಡ್ಡ ಕಂಡೆನ್ಸರೊಂದನ್ನು, ಗುಂಡಿಯ ಹಂಗೇ ಇಲ್ಲದಂತೆ, ನೇರವಾಗಿ ಬೆಸೆದುಬಿಡುವುದು ನನಗೆ ರೂಢಿಯಾಗಿತ್ತು. ಗಿಟಾರಿಗೂ ಹಾಗೆಯೇ ಮಾಡಿದೆ. ಅಂಗಡಿಯ ಕಿರುಚುವ ಸ್ಪೀಕರಿನಲ್ಲಿ ಚೆಂದವೇ ಕೇಳಿತು. ಮಾಂತೇಶನೂ ಗಿಟಾರಿನ ಟೋನಿನ ಗುಂಡಿ ಮುಟ್ಟಿ ನೋಡಲಿಲ್ಲ.

ಆಮೇಲೆ ಹುನಗುಂದದಲ್ಲಿ ಬಂಧುಗಳ ಮದುವೆ. ಬಾಗಲಕೋಟೆಯಿಂದ ಒಂದು ಆರ್ಕೆಸ್ಟ್ರಾ ಬಂದಿತ್ತು, ಅವರಿಗೆ ಗಿಟಾರಿನವನು ಬೇಕಾಗಿದ್ದ. ಊಟವಾದ ಮೇಲೆ ನುಡಿಸಿ ತೋರಿಸು, ಹಿಡಿಸಿದರೆ ನಮ್ಮ ಜೊತೆಗೇ ಬಾ ಎಂದು ಆರ್ಕೆಸ್ಟ್ರಾದ ಯಜಮಾನರು ಹೇಳಿದ್ದರು. ಮಾಂತೇಶ ಮಗ್ಗ ಬಿಡಲು ಮನಸ್ಸು ಮಾಡಿಯೇ ಬಂದಿದ್ದ. ನಾನು ಹೆಂಗಸರ ನಡುವೆ ಕುಳಿತಿದ್ದೆ. ಆರ್ಕೆಸ್ಟ್ರಾದವರ ದೊಡ್ಡ ಸ್ಪೀಕರ್ ಪೆಟ್ಟಿಗೆಯಿಂದ ಮೊದಲ ದನಿ ಹೊರಟಾಗಲೇ — ನನ್ನ ಕಂಡೆನ್ಸರ್ ಚೂಪನ್ನೆಲ್ಲ ನುಂಗಿದೆಯೆಂದು ನನಗೆ ತಿಳಿದುಹೋಯಿತು. ತಬಲಾ, ಅಕಾರ್ಡಿಯನ್ನುಗಳ ನಡುವೆ ಗಿಟಾರ್ ಮುಳುಗಿತು. ಅವನು ಗುಂಡಿ ತಿರುವಿದ, ದನಿ ಬದಲಾಗಲಿಲ್ಲ; ಬಿರುಸಾಗಿ ಮೀಟಿದ, ತಾಳ ತಪ್ಪಿದ.

"ಕಂಬಳಿ ಹೊಚ್ಚಿಗೊಂಡು ನುಡಸಾಕತ್ತೀಯೇನ್ಲೇ ತಮ್ಮಾ?" ಎಂದರು ಯಜಮಾನರು. ಮಂದಿ ನಕ್ಕರು. ಬಳಿಕ ಅವರು ಮೆಲ್ಲಗೆ, ಬೆರಳಿನಲ್ಲಿ ಜೀವವಿಲ್ಲ ಎಂದರು.

ಎದ್ದುಹೋಗಿ ಆ ಕಂಡೆನ್ಸರಿನ ಒಂದು ಕಾಲು ಕತ್ತರಿಸಿದ್ದರೆ ಸಾಕಿತ್ತು, ದನಿ ಬಿಚ್ಚಿಕೊಳ್ಳುತ್ತಿತ್ತು. ಏಳದ್ದು ಅಪ್ಪನ ಭಯಕ್ಕೆ, ಎಂದುಕೊಂಡೆ. ಭಯವಿದ್ದದ್ದು ನಿಜ. ಆದರೆ ತಿರುಗಿ ಬರುವ ಬಸ್ಸಿನಲ್ಲಿ ಅಪ್ಪ ಇರಲಿಲ್ಲ. ಮಾಂತೇಶ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ಅಕ್ಕಾ, ಅದರಾಗೇನರ ಕೆಟ್ಟೈತೇನು?"

"ಇಲ್ಲ. ಗಿಟಾರ್ ಸರಿ ಐತಿ."

ಇದಕ್ಕಿಂತ ಹೀನವಾದದ್ದನ್ನು ಮರುದಿನ ಮಾಡಿದೆ. ಅವನು ಮಗ್ಗಕ್ಕೆ ಹೋದಾಗ ಗಿಟಾರ್ ಬಿಚ್ಚಿ, ಆ ಕಂಡೆನ್ಸರ್ ಕಿತ್ತು, ಸಣ್ಣದೊಂದನ್ನು ಗುಂಡಿಯ ಮೂಲಕವೇ ಹಾಯಿಸಿ ಬೆಸೆದು ಮುಚ್ಚಿದೆ. ಸಂಜೆ ಬಂದು ನುಡಿಸಿ ನೋಡಿದ. ಗುಂಡಿ ಈ ಕಡೆ ತಿರುವಿದರೆ ಮೆತ್ತಗೆ, ಆ ಕಡೆ ತಿರುವಿದರೆ ಚೂಪು. ಎರಡೂ ಕಡೆ ತಿರುವಿ, ಕೈ ಇಳಿಸಿದ.

"ಖರೆ ಅಕ್ಕಾ, ಇದು ಸರಿ ಐತಿ. ಮಂದಿನ್ನ ಕಂಡು ಗುಂಡಿ ಯಾ ಕಡಿ ತಿರುವಿದೆನೋ ಏನೋ. ನನ್ನ ಕೈನ ಕೆಟ್ಟದ್ದು."

ಆಗಲಾದರೂ — ಇಲ್ಲ, ಆಗಲೂ ಬಾಯಿ ಬಿಡಲಿಲ್ಲ. ಅವನು ಮತ್ತೆ ಯಾರ ಮುಂದೆಯೂ ನುಡಿಸಲಿಲ್ಲ. ಗಿಟಾರನ್ನು ಯಾರಿಗೋ ಕೊಟ್ಟ. ಮದುವೆಯಾಗಿ ಕೆರೂರಿನಲ್ಲಿ ಅರಿವೆ ಅಂಗಡಿ ಹಾಕಿದ. ಅಪ್ಪನ ನಂತರ ರೇಡಿಯೋ ಅಂಗಡಿ ನನ್ನದಾಯಿತು. ಒಳ್ಳೆಯ ಕೈ ಎಂದು ಊರು ನನ್ನನ್ನು ಹೊಗಳಿತು.

ಮೊನ್ನೆ ಕೆರೂರಿಗೆ ಹೋಗಿದ್ದೆ. ಶಾಲೆಯ ಗ್ಯಾದರಿಂಗಿನಲ್ಲಿ ಹಾಡಲು ಹೆಸರು ಕೊಡಲೇ ಎಂದು ಅವನ ಮಗಳು ಕೇಳಿದಳು.

"ಬ್ಯಾಡವ್ವಾ. ಮಂದಿ ಮುಂದ ನಿಂದರೂದು ನಮ್ಮ ರಕ್ತದಾಗ ಇಲ್ಲ," ಎಂದ.

ಹುಡುಗಿ ಒಳಗೆ ಹೋದಳು. ನನ್ನ ಸುಳ್ಳು ಅವಳವರೆಗೂ ಬಂದು ಮುಟ್ಟಿತ್ತು. ಅವಳನ್ನು ಹೊರಗೆ ಕರೆದೆ. ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಕಂಡೆನ್ಸರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಾಂತೇಶ ಮಡಚುತ್ತಿದ್ದ ಅರಿವೆ ಅರ್ಧಕ್ಕೇ ನಿಂತಿತು.

"ಬಿಡಕ್ಕಾ, ಯಾ ಕಾಲದ್ದು ಅದು," ಎಂದ, ನನ್ನ ಮುಖ ನೋಡದೆ.

"ಬಿಡೂ ಮಾತಲ್ಲ ಮಾಂತು. ನಿನ್ನ ಕೈ ಅವತ್ತೂ ಚಲೋ ಇತ್ತು. ಕೆಡಿಸಿದಾಕಿ ನಾ. ನೀ ಕೇಳಿದಾಗ ಸುಳ್ಳ ಹೇಳಿದೆ, ಆಮ್ಯಾಲ ಮುಚ್ಚಿಟ್ಟೆ. ನಂದು ತಪ್ಪಾತು."