ತಂಗಿಯ ಕೋಟು

ಟೈಲರಕ್ಕನ ಕೈಯಿಂದ ಹೋದ ಬಟ್ಟೆ ಮೈಗೆ ಅಚ್ಚು ಹೊಯ್ದಂತೆ ಕೂರಬೇಕು. ಒಂದು ಬೆರಳಷ್ಟು ಜೋಲಿದರೂ ಅವಳಿಗೆ ಊಟ ರುಚಿಸದು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಮಡಿಲಲ್ಲಿ ಕೂರಿಸಿಕೊಂಡೇ ಮಿಷನ್ ತುಳಿದವಳು. ಆ ತಂಗಿ ಈಗ ಭೂಗೋಳದ ಟೀಚರು. ಉತ್ತರ ಧ್ರುವದ ಹೆಪ್ಪುಗಟ್ಟಿದ ಕಡಲನ್ನು ಬೋರ್ಡಿನ ಮೇಲೆ ಬರೆದೂ ಬರೆದೂ, ಕೊನೆಗೆ ಅದರ ಮೇಲೆ ನಡೆದೇ ಬರುತ್ತೇನೆಂದು ಹಡಗಿನಲ್ಲಿ ಹೋಗುವ ಒಂದು ಪ್ರವಾಸದ ತಂಡ ಸೇರಿಬಿಟ್ಟಿದ್ದಳು.

ಅಂದಿನಿಂದ ಅಕ್ಕನಿಗೆ ಒಂದೇ ಚಿಂತೆ. ತಂಗಿಯ ಕೈಬೆರಳುಗಳು ಚಿಕ್ಕಂದಿನಿಂದಲೂ ಚಳಿಗೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ತಂಗಿ ಪ್ರವಾಸಕ್ಕೆಂದು ತಂದ ದಪ್ಪ ಕೋಟು ನೋಡಿದರೆ ಗುಡಾರ. ಇಷ್ಟು ಸಡಿಲವಾದರೆ ಚಳಿ ನುಗ್ಗದೇ ಇದ್ದೀತೇ? ತಂಗಿ ಶಾಲೆಗೆ ಹೋದಾಗ ಅಕ್ಕ ಅದನ್ನು ಎರಡೂ ಬದಿ ಹಿಡಿದು ಹೊಲಿದು, ಮಿಕ್ಕ ಬಟ್ಟೆಯನ್ನು ಕತ್ತರಿಸಿ ಎಸೆದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಂಚದ ತುಂಬ ಉಣ್ಣೆಯ ಒಳಬಟ್ಟೆ, ಸ್ವೆಟರು, ಕೈಗವಸು, ಕಪ್ಪು ಕನ್ನಡಕ, ಬೂಟು. ತಂಡದ ಗೈಡಮ್ಮ ವೀಡಿಯೋ ಕರೆಯಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಹಾಕಿಸಿದಳು.

"ಈಗ ಕೈ ಎತ್ತಿ ಟೀಚರ್."

ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು.

"ಕೋಟು ಬಿಗಿ. ಪದರಗಳ ನಡುವೆ ಗಾಳಿ ನಿಂತ್ರೇನೇ ಬೆಚ್ಚಗಿರೋದು. ಹೀಗಿದ್ರೆ ಬೆರಳಿಗೆ ರಕ್ತಾನೇ ಹೋಗಲ್ಲ. ಬೆಳಿಗ್ಗೆ ಮತ್ತೆ ನೋಡ್ತೀನಿ. ಸರಿಯಾಗಿಲ್ಲ ಅಂದ್ರೆ ಹಡಗಿನಿಂದ ನಿಮ್ಮನ್ನ ಇಳಿಸಲ್ಲ."

ಫೋನು ಆರಿತು. ತಂಗಿ ತಿರುಗಿದಳು. "ಅಕ್ಕಾ, ತಂದಾಗ ಸರಿಯಿತ್ತಲ್ಲ?"

ಅಕ್ಕ ಕೋಟಿನ ಬದಿಯ ಹೊಲಿಗೆ ಸವರಿದಳು. "ನಾನೇ ಹಿಡಿದು ಹೊಲಿದೆ ಕಣೇ."

"ಬಿಚ್ಚು ಮತ್ತೆ."

"ಬಿಚ್ಚಿದ್ರೆ ಏನು ಬರತ್ತೆ? ಕತ್ತರಿಸಿಬಿಟ್ಟಿದ್ದೀನಿ."

ತಂಗಿ ಮಂಚದ ಮೇಲೆ ಕುಸಿದಳು. "ನನ್ನ ಮದುವೆ ಬಟ್ಟೆಗೂ ನೀನು ಹೀಗೇ ಮಾಡಿದ್ದೆ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ."

"ಫೋಟೋದಲ್ಲಿ ಚೆನ್ನಾಗೇ ಬಂದಿದ್ದೀಯಲ್ಲ," ಎಂದಳು ಅಕ್ಕ.

ಸ್ಕೂಟರಿನಲ್ಲಿ ಹೋಗುವಾಗ ತೊಡುವ ತನ್ನ ಮಳೆ ಕೋಟನ್ನೇ ಅಕ್ಕ ಅಗಲ ಪಟ್ಟಿಗಳಾಗಿ ಕತ್ತರಿಸಿದಳು. ಹೊಲಿಗೆ ಬಿಚ್ಚಿ, ಕಂಕುಳಿಂದ ಕೆಳಗಿನ ಅಂಚಿನವರೆಗೆ, ತೋಳಿನುದ್ದಕ್ಕೂ ಪಟ್ಟಿ ಸೇರಿಸಿದಳು. ಸೂಜಿ ಇಳಿದಾಗಲೆಲ್ಲ ಎದೆಗೇ ಚುಚ್ಚಿದಂತೆ. ಒಂದೊಂದು ತೂತೂ ಗಾಳಿಗೆ ಬಾಗಿಲಲ್ಲವೇ? ಒಳಗಿನಿಂದ ಅಂಟುಪಟ್ಟಿ ಇಟ್ಟು ಉಸಿರು ಹಿಡಿದು ಇಸ್ತ್ರಿ ಒತ್ತಿದಳು. ಕೊಂಚ ಕಾವು ಹೆಚ್ಚಾದರೆ ಬಟ್ಟೆಯೇ ಕರಗಿಹೋಗುತ್ತಿತ್ತು. ಆಮೇಲೆ ಗಾಳಿ ತೂರುತ್ತದೆಯೇ ಎಂದು ನೋಡಲು ಒದ್ದೆ ಕೈಯನ್ನು ತೋಳೊಳಗೆ ತೂರಿಸಿ ಫ್ಯಾನಿನ ಮುಂದೆ ಹಿಡಿದಳು. ಕಂಕುಳ ಬಳಿ ಕೂದಲೆಳೆಯಷ್ಟು ಜಾಗ ತಣ್ಣಗಾಯಿತು. ಅಲ್ಲಿಗೆ ಇನ್ನೊಂದು ಪಟ್ಟಿ.

ಬೆಳಿಗ್ಗೆ ತಂಗಿಯ ಕೈಗಳು ತಲೆಯ ಮೇಲಕ್ಕೆ ಸಲೀಸಾಗಿ ಹೋದವು.

"ಈಗ ಸರಿಯಾಯ್ತು," ಎಂದಳು ಗೈಡಮ್ಮ. "ಇನ್ನೇನಾದ್ರೂ ತೊಂದರೆ ಇದ್ಯಾ?"

"ಏನೂ ಇಲ್ಲ," ಎಂದಳು ತಂಗಿ ತಟಕ್ಕನೆ.

ಅಕ್ಕ ಅವಳ ಮುಖ ನೋಡಿದಳು. ಬೆರಳಿನ ವಿಷಯ ಹೇಳಿದರೆ ಎಷ್ಟೋ ವರ್ಷದ ಆಸೆ ಮಣ್ಣಾಗಬಹುದು. ಹೇಳದಿದ್ದರೆ? ಅವಳು ಫೋನು ಕಿತ್ತುಕೊಂಡಳು.

"ಇವಳ ಬೆರಳು ಚಳಿಗೆ ಮರಗಟ್ಟತ್ತೆ ಮೇಡಂ. ಕೇಳಿದ್ರೂ ಹೇಳಲ್ಲ, ಹಟಮಾರಿ."

ತಂಗಿಯ ಕಣ್ಣು ಕೆಂಡ.

"ಮೊದಲೇ ಹೇಳ್ಬೇಕಿತ್ತು," ಎಂದಳು ಗೈಡಮ್ಮ. "ಹಡಗಿನ ಡಾಕ್ಟರು ನೋಡಲಿ. ಅವರು ಹೂಂ ಅಂದ್ರೆ ನನ್ನ ಪಕ್ಕದಲ್ಲೇ ನಡೀಬೇಕು. ಕೇಳಿದಾಗೆಲ್ಲ ಬೆರಳು ತೋರಿಸ್ಬೇಕು."

ತಂಗಿ ಸಿಟ್ಟಿನಿಂದಲೇ ಟ್ಯಾಕ್ಸಿ ಹತ್ತಿದಳು. ಬಾಗಿಲು ಹಾಕುವ ಮುನ್ನ ಮಾತ್ರ, ಇನ್ನೂ ತೊಟ್ಟೇ ಇದ್ದ ಕೈಗವಸು ಕಳಚಿ ಐದೂ ಬೆರಳು ಅಕ್ಕನ ಮುಖಕ್ಕೆ ಹಿಡಿದಳು. "ನೋಡ್ಕೋ. ಕೆಂಪಗಿವೆ."

ಅಕ್ಕ ಅವನ್ನು ಒಂದೊಂದಾಗಿ ಒತ್ತಿ ನೋಡಿದಳು.